‘ಮಾಲಿನ್ಯರಹಿತ ನಗರ’ ಮಾದರಿ: ಒಂದು ವಿಮರ್ಶೆ

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಿಗೆ ಹೋಗಿ ಬಂದವರಿಗೆಲ್ಲ ಪರಿಚಿತವಾದ ಮಾದರಿಯೊಂದಿದೆ. ಥರ್ಮೊಕೋಲ್ ಹಲಗೆಯ ಮೇಲೆ ಕಪ್ಪು ಕಾಗದ ಅಂಟಿಸಿದ ರಸ್ತೆಗಳು, ಒಂದರ ಮೇಲೊಂದು ಹಾದುಹೋಗುವ ಎರಡು ಮೇಲ್ಸೇತುವೆಗಳು, ‘ವಿದ್ಯುತ್ ವಾಹನ’ ಎಂಬ ಚೀಟಿ ಹಚ್ಚಿದ ಆಟಿಕೆ ಕಾರುಗಳು, ರಸ್ತೆಯ ಬದಿಗೆ ಹಸಿರು ಸ್ಪಂಜಿನ ಮರಗಳು, ಮೂಲೆಯಲ್ಲೊಂದು ಸೌರಫಲಕ. ಮೇಲೆ ದಪ್ಪ ಅಕ್ಷರಗಳಲ್ಲಿ ‘ಮಾಲಿನ್ಯರಹಿತ ನಗರ’ ಎಂಬ ಹೆಸರು. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ: “ಸರ್, ಇಲ್ಲಿ ಎಲ್ಲ ವಾಹನಗಳೂ ವಿದ್ಯುತ್ತಿನಿಂದ ಓಡುವುದರಿಂದ ಹೊಗೆ ಇಲ್ಲ. ಮೇಲ್ಸೇತುವೆ ಇರುವುದರಿಂದ ಸಿಗ್ನಲ್ ಇಲ್ಲ, ಇಂಧನ ಪೋಲಾಗುವುದಿಲ್ಲ. ಉಳಿದ ಕಾರ್ಬನ್ ಡೈಆಕ್ಸೈಡನ್ನು ಮರಗಳು ಹೀರಿಕೊಳ್ಳುತ್ತವೆ.”

ತೀರ್ಪುಗಾರರು ತಲೆದೂಗಿ ಮುಂದಿನ ಮೇಜಿಗೆ ಹೋಗುತ್ತಾರೆ. ಮಾದರಿಗೆ ಒಮ್ಮೊಮ್ಮೆ ಬಹುಮಾನವೂ ಬರುತ್ತದೆ.

ಈ ಮಾದರಿಯನ್ನು ಸ್ವಲ್ಪ ನಿಂತು ನೋಡುವುದು ಈ ಲೇಖನದ ಉದ್ದೇಶ. ಟೀಕೆ ಮಕ್ಕಳ ಮೇಲಲ್ಲ. ಅವರು ತಾವು ಕಂಡ ಊರನ್ನೂ ದೊಡ್ಡವರಿಂದ ಕೇಳಿದ ಮಾತನ್ನೂ ಥರ್ಮೊಕೋಲಿನಲ್ಲಿ ಕೊರೆದಿದ್ದಾರೆ, ಅಷ್ಟೆ. ಇದೇ ಮಾದರಿ ಜಾಹೀರಾತುಗಳಲ್ಲಿದೆ, ಯೋಜನಾ ವರದಿಗಳ ಮುಖಪುಟದಲ್ಲಿದೆ, ನಮ್ಮೆಲ್ಲರ ಕಲ್ಪನೆಯಲ್ಲೂ ಇದೆ. ಆದ್ದರಿಂದಲೇ ಇದರ ಲೆಕ್ಕವನ್ನು ಪರೀಕ್ಷಿಸಬೇಕಾಗಿದೆ. ಈ ಚಿತ್ರವನ್ನು ನಂಬಿ ನಗರಗಳು ಸಾವಿರಾರು ಕೋಟಿ ರೂಪಾಯಿಗಳನ್ನು ಎಲ್ಲಿ ಹೂಡಬೇಕೆಂದು ನಿರ್ಧರಿಸುತ್ತವೆ. ತಪ್ಪು ಕಡೆ ಹೂಡಿದರೆ ಹಣದ ಜೊತೆಗೆ ವರ್ಷಗಳೂ ಹೋಗುತ್ತವೆ.

ಎರಡು ಬಗೆಯ ಹೊಗೆ

ಮಾದರಿಯ ಮೊದಲ ದೋಷ ಅದರ ಹೆಸರಿನಲ್ಲೇ ಇದೆ. ‘ಮಾಲಿನ್ಯ’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಅಡಗಿವೆ. ಮೊದಲನೆಯದು ನಮ್ಮ ಮೂಗು, ಕಣ್ಣು, ಶ್ವಾಸಕೋಶಗಳಿಗೆ ತಟ್ಟುವ ಹೊಗೆ: ಕಾರ್ಬನ್ ಮಾನಾಕ್ಸೈಡ್, ದಹಿಸದೆ ಉಳಿದ ಹೈಡ್ರೊಕಾರ್ಬನ್‌ಗಳು, ನೈಟ್ರೊಜನ್ ಆಕ್ಸೈಡ್‌ಗಳು, ಮಸಿಯ ಕಣಗಳು. ಇವು ಹುಟ್ಟಿದ ಊರಿನಲ್ಲೇ ಹಾನಿ ಮಾಡುತ್ತವೆ. ಎರಡನೆಯದು ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೀದಿಯಲ್ಲಿ ನಿಂತವರಿಗೆ ಅದರಿಂದ ಕೆಮ್ಮೂ ಬರುವುದಿಲ್ಲ. ಆದರೆ ವಾಯುಮಂಡಲದಲ್ಲಿ ಶತಮಾನಗಳ ಕಾಲ ಉಳಿದು ಭೂಮಿಯ ಶಾಖವನ್ನು ತಡೆದಿಡುತ್ತದೆ.

ಮೊದಲನೆಯ ಹೊಗೆಯನ್ನು ತಗ್ಗಿಸುವ ಉಪಾಯ ಎರಡನೆಯದನ್ನು ತಗ್ಗಿಸಲೇಬೇಕೆಂದಿಲ್ಲ. ವಾಹನಗಳಲ್ಲಿರುವ ವೇಗವರ್ಧಕ ಪರಿವರ್ತಕ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ವಿಷಕಾರಿ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿ ಬದಲಿಸುತ್ತದೆ. ನಾವು ಮಾಡಿಸುವ ಹೊಗೆ ತಪಾಸಣೆಯಲ್ಲಿ ಪೆಟ್ರೋಲ್ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್‌ಗಳ ಮಿತಿ ಇದೆ, ಡೀಸೆಲ್ ವಾಹನಗಳಿಗೆ ಹೊಗೆಯ ಸಾಂದ್ರತೆಯ ಮಿತಿ ಇದೆ. ಕಾರ್ಬನ್ ಡೈಆಕ್ಸೈಡಿಗೆ ಮಿತಿ ಇಲ್ಲ. ಇಂಧನ ಎಷ್ಟು ಪೂರ್ಣವಾಗಿ ಉರಿದರೆ ಅದರ ಇಂಗಾಲವೆಲ್ಲ ಅಷ್ಟು ಪೂರ್ಣವಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಂದ ಭಾರತ್ ಸ್ಟೇಜ್ 6 ಮಾನಕದಿಂದ ಇಂಧನದಲ್ಲಿನ ಗಂಧಕ ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಉಸಿರಾಡುವ ಗಾಳಿಗೆ ಇದು ದೊಡ್ಡ ಲಾಭ. ಆದರೆ ಲೀಟರ್ ಪೆಟ್ರೋಲಿನಲ್ಲಿರುವ ಇಂಗಾಲ ಇದ್ದಷ್ಟೇ ಇದೆ.

ಆ ಇಂಗಾಲ ಎಷ್ಟು? ಹತ್ತನೆಯ ತರಗತಿಯ ರಸಾಯನಶಾಸ್ತ್ರ ಸಾಕು. ಪೆಟ್ರೋಲನ್ನು ಆಕ್ಟೇನ್ ಎಂದು ಭಾವಿಸೋಣ. ಅದರ ಒಂದು ಅಣುವಿನಲ್ಲಿ 8 ಇಂಗಾಲ ಮತ್ತು 18 ಹೈಡ್ರೊಜನ್ ಪರಮಾಣುಗಳಿವೆ, ಅಣುತೂಕ 114. ಪೂರ್ಣವಾಗಿ ಉರಿದಾಗ 8 ಕಾರ್ಬನ್ ಡೈಆಕ್ಸೈಡ್ ಅಣುಗಳು ಬರುತ್ತವೆ; ಅವುಗಳ ತೂಕ 8 × 44 = 352. ಅಂದರೆ ಒಂದು ಕಿಲೊಗ್ರಾಂ ಪೆಟ್ರೋಲಿಗೆ ಸುಮಾರು 3.1 ಕಿ.ಗ್ರಾಂ. ಲೀಟರಿನ ತೂಕ ಮುಕ್ಕಾಲು ಕಿಲೊಗ್ರಾಂನಷ್ಟಿರುವುದರಿಂದ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿ.ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್ಲಿಗೆ ಇದು ಸುಮಾರು 2.7 ಕಿ.ಗ್ರಾಂ. ಮುಕ್ಕಾಲು ಕಿಲೊ ಇಂಧನದಿಂದ ಎರಡು ಕಿಲೊಗೂ ಹೆಚ್ಚು ಅನಿಲ ಹೇಗೆ ಬಂತೆಂದು ವಿದ್ಯಾರ್ಥಿಗಳು ಕೇಳಿದರೆ ಸಂತೋಷಪಡಬೇಕು. ಹೆಚ್ಚಿನ ತೂಕ ಗಾಳಿಯಿಂದ ಸೇರಿಕೊಂಡ ಆಕ್ಸಿಜನ್ನಿನದು.

ದೆಹಲಿಯ ಉದಾಹರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸುಪ್ರೀಂ ಕೋರ್ಟ್ 1998ರಲ್ಲಿ ನೀಡಿದ ಆದೇಶದ ಮೇರೆಗೆ 2002ರ ಕೊನೆಯ ಹೊತ್ತಿಗೆ ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದವು. ಕಪ್ಪು ಹೊಗೆ ಕಾರುವ ಬಸ್ಸುಗಳು ಕಣ್ಮರೆಯಾದದ್ದು ನಿಜವಾದ ಸಾಧನೆ. ಆದರೆ ಪಠ್ಯಗಳಲ್ಲಿ ಸಿಎನ್‌ಜಿಯನ್ನು ‘ಮಾಲಿನ್ಯವಿಲ್ಲದ ಇಂಧನ’ ಎಂದು ಬರೆಯುವುದು ಸರಿಯಲ್ಲ. ಅದೇ ಪ್ರಮಾಣದ ಶಾಖಕ್ಕೆ ಅದು ಡೀಸೆಲ್ಲಿಗಿಂತ ಕಾಲು ಭಾಗದಷ್ಟು ಕಡಿಮೆ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಅದನ್ನು ಬಳಸುವ ಎಂಜಿನ್ನಿನ ದಕ್ಷತೆ ಡೀಸೆಲ್ ಎಂಜಿನ್ನಿಗಿಂತ ಕಡಿಮೆಯಾದ್ದರಿಂದ ಈ ಲಾಭದಲ್ಲಿ ಒಂದು ಪಾಲು ಕರಗುತ್ತದೆ. ಜೊತೆಗೆ ಸಿಎನ್‌ಜಿಯ ಮುಖ್ಯಾಂಶ ಮೀಥೇನ್. ಅದು ಉರಿಯದೆ ಸೋರಿಹೋದರೆ, ನೂರು ವರ್ಷಗಳ ಅವಧಿಯಲ್ಲಿ ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಹೊಗೆಯ ಸ್ಥಳಾಂತರ

ಇನ್ನು ವಿದ್ಯುತ್ ವಾಹನ. ಬೆಂಗಳೂರಿಗೆ ಇದು ಹೊಸದೇನೂ ಅಲ್ಲ; ಇಲ್ಲಿಯೇ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯವೂ ಕರ್ನಾಟಕವೇ. ಈ ವಾಹನಗಳಿಗೆ ಹೊಗೆಕೊಳವೆಯೇ ಇಲ್ಲ. ಆದರೆ ಬ್ಯಾಟರಿಯನ್ನು ತುಂಬುವ ವಿದ್ಯುತ್ತಿಗೊಂದು ಮೂಲವಿದೆ. ದೇಶದ ವಿದ್ಯುತ್ ಜಾಲದಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ಸರಾಸರಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.72 ಕಿ.ಗ್ರಾಂ ಕಾರ್ಬನ್ ಡೈಆಕ್ಸೈಡ್ ಇದೆ.

ಒಂದು ಮಾದರಿ ಲೆಕ್ಕ ಮಾಡೋಣ. ನಗರದ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಓಡುತ್ತದೆಂದು ಇಟ್ಟುಕೊಂಡರೆ ಕಿಲೊಮೀಟರಿಗೆ 192 ಗ್ರಾಂ ಆಯಿತು. ವಿದ್ಯುತ್ ಕಾರು ಕಿಲೊಮೀಟರಿಗೆ 0.15 ಯೂನಿಟ್ ಬಳಸುತ್ತದೆ, ತಂತಿಗಳಲ್ಲಿ ಶೇ. 15ರಷ್ಟು ವಿದ್ಯುತ್ ನಷ್ಟವಾಗುತ್ತದೆ ಎಂದುಕೊಂಡರೆ ಸುಮಾರು 127 ಗ್ರಾಂ. ಮೂರನೆಯ ಒಂದು ಭಾಗ ಉಳಿತಾಯ. ಪೆಟ್ರೋಲನ್ನು ಶುದ್ಧೀಕರಿಸಿ ಸಾಗಿಸುವ ಖರ್ಚನ್ನೂ ಸೇರಿಸಿದರೆ ಉಳಿತಾಯ ಇನ್ನಷ್ಟು ಹೆಚ್ಚುತ್ತದೆ; ಬ್ಯಾಟರಿ ತಯಾರಿಕೆಯನ್ನು ಸೇರಿಸಿದರೆ ತಗ್ಗುತ್ತದೆ. ಏನೇ ಆದರೂ ಅದು ಸೊನ್ನೆಯಲ್ಲ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನ 51 ಗ್ರಾಂ ಎದುರಿಗೆ ಕಿಲೊಮೀಟರಿಗೆ 0.03 ಯೂನಿಟ್ ಬಳಸುವ ವಿದ್ಯುತ್ ಸ್ಕೂಟರಿನದು 25 ಗ್ರಾಂ. ಇಲ್ಲಿ ಅರ್ಧಕ್ಕರ್ಧ ಲಾಭವಿದೆ.

ಬಸ್ಸಿನ ಲೆಕ್ಕ ಹಲವರಿಗೆ ಆಶ್ಚರ್ಯ ತರಬಹುದು. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸು ಕಿಲೊಮೀಟರಿಗೆ ಸುಮಾರು 675 ಗ್ರಾಂ ಬಿಡುತ್ತದೆ. ಕಿಲೊಮೀಟರಿಗೆ 1 ಯೂನಿಟ್ ಬಳಸುವ ವಿದ್ಯುತ್ ಬಸ್ಸಿನ ಪಾಲು ಸುಮಾರು 850 ಗ್ರಾಂ! ಡೀಸೆಲ್ಲಿನ ಶುದ್ಧೀಕರಣ, ಸಾಗಣೆಗಳನ್ನು ಸೇರಿಸಿದರೆ ಎರಡೂ ಹೆಚ್ಚುಕಡಿಮೆ ಸಮ. ಹಾಗಾದರೆ ವಿದ್ಯುತ್ ಬಸ್ಸು ಬೇಡವೆ? ಖಂಡಿತ ಬೇಕು. ತಂಗುದಾಣದಲ್ಲಿ ಕಾಯುವ ಮಕ್ಕಳ ಉಸಿರಿಗೆ ಅದು ಇಂದೇ ಒಳ್ಳೆಯದು. ವಿದ್ಯುತ್ ಜಾಲ ಶುದ್ಧವಾದಂತೆ ಅದೇ ಬಸ್ಸು ತಾನಾಗಿ ಶುದ್ಧವಾಗುತ್ತ ಹೋಗುತ್ತದೆ. ಡೀಸೆಲ್ ಬಸ್ಸಿಗೆ ಆ ಭಾಗ್ಯವಿಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂಥ ಸ್ಥಾವರಗಳು ಹೆಚ್ಚಿದಂತೆ, ಬ್ಯಾಟರಿ ತುಂಬುವ ಕೆಲಸವನ್ನು ರಾತ್ರಿಯಿಂದ ನಡುಹಗಲಿಗೆ ತಂದುಕೊಂಡರೆ ಲಾಭ ಇನ್ನೂ ಬೇಗ ಸಿಗುತ್ತದೆ. ಆದರೆ ‘ವಿದ್ಯುತ್’ ಎಂಬ ಚೀಟಿ ಹಚ್ಚಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬಾರದು.

ಮಾದರಿಯಲ್ಲಿರುವ ಮರಗಳ ಬಗ್ಗೆಯೂ ಒಂದು ಮಾತು. ಬೆಳೆದ ಮರವೊಂದು ವರ್ಷಕ್ಕೆ 20 ಕಿ.ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೀರುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 10,000 ಕಿ.ಮೀ. ಓಡುವ ಮೇಲಿನ ಪೆಟ್ರೋಲ್ ಕಾರು ಬಿಡುವುದು 1,900 ಕಿ.ಗ್ರಾಂಗೂ ಹೆಚ್ಚು. ಒಂದು ಕಾರಿಗೆ 95 ಮರಗಳು ಬೇಕಾದವು. ನೆರಳಿಗೆ, ತಂಪಿಗೆ, ಹಕ್ಕಿಗಳಿಗೆ ಮರ ಬೇಕೇ ಬೇಕು. ಕಾರಿನ ಸಾಲವನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಛೇದದಲ್ಲಿ ಏನಿರಬೇಕು?

ಈವರೆಗಿನ ಲೆಕ್ಕವೆಲ್ಲ ‘ಕಿಲೊಮೀಟರಿಗೆ ಇಷ್ಟು ಗ್ರಾಂ’ ಎಂಬ ರೂಪದಲ್ಲಿತ್ತು. ಮಾದರಿಯ ಅತಿ ದೊಡ್ಡ ದೋಷ ಇಲ್ಲಿದೆ. ನಗರ ಸಾರಿಗೆಯ ಕೆಲಸ ಜನರನ್ನು ಸಾಗಿಸುವುದು. ವಾಹನ ಅದಕ್ಕೊಂದು ಸಾಧನ ಮಾತ್ರ. ಆದ್ದರಿಂದ ಭಿನ್ನರಾಶಿಯ ಛೇದದಲ್ಲಿ ವಾಹನ-ಕಿಲೊಮೀಟರಿನ ಬದಲು ಪ್ರಯಾಣಿಕ-ಕಿಲೊಮೀಟರ್ ಇರಬೇಕು.

ಕಾರಿನಲ್ಲಿ ಸರಾಸರಿ ಒಂದೂವರೆ ಜನ, ಸ್ಕೂಟರಿನಲ್ಲಿ 1.2 ಜನ, ಬಸ್ಸಿನಲ್ಲಿ 40 ಜನ ಎಂದು ಹಿಡಿದರೆ ಚಿತ್ರ ಹೀಗಾಗುತ್ತದೆ: ಪೆಟ್ರೋಲ್ ಕಾರು 128 ಗ್ರಾಂ, ವಿದ್ಯುತ್ ಕಾರು 85 ಗ್ರಾಂ, ಪೆಟ್ರೋಲ್ ಸ್ಕೂಟರ್ 43 ಗ್ರಾಂ, ವಿದ್ಯುತ್ ಸ್ಕೂಟರ್ 21 ಗ್ರಾಂ, ವಿದ್ಯುತ್ ಬಸ್ಸು 21 ಗ್ರಾಂ, ಡೀಸೆಲ್ ಬಸ್ಸು 17 ಗ್ರಾಂ. ಸೈಕಲ್ ಮತ್ತು ಕಾಲ್ನಡಿಗೆಗೆ ಇಂಧನದ ಲೆಕ್ಕವೇ ಇಲ್ಲ.

ಪೆಟ್ರೋಲ್ ಕಾರನ್ನು ಬಿಟ್ಟು ವಿದ್ಯುತ್ ಕಾರು ಕೊಂಡವರು ಮೂರನೆಯ ಒಂದು ಭಾಗ ಉಳಿಸುತ್ತಾರೆ. ಅದೇ ವ್ಯಕ್ತಿ ಕಾರನ್ನು ಮನೆಯಲ್ಲಿಟ್ಟು ಹಳೆಯ ಡೀಸೆಲ್ ಬಸ್ಸು ಹತ್ತಿದರೆ ಶೇ. 85ಕ್ಕೂ ಹೆಚ್ಚು ಉಳಿಯುತ್ತದೆ. ಜನ ತುಂಬಿದ ಹಳೆಯ ಬಸ್ಸು ಹೊಸ ವಿದ್ಯುತ್ ಕಾರಿಗಿಂತ ಐದು ಪಟ್ಟು ಮೇಲು. ಬಹುಮಾನ ಪಡೆದ ಆ ಮಾದರಿಯಲ್ಲಿ ಬಸ್ಸೇ ಇರಲಿಲ್ಲ ಎಂಬುದನ್ನು ಈಗ ನೆನಪಿಸಿಕೊಳ್ಳಬಹುದು.

ಹಾಗೆಂದು ಬಸ್ಸನ್ನು ಪೂಜಿಸಬೇಕಾಗಿಲ್ಲ. ಅದೇ ಡೀಸೆಲ್ ಬಸ್ಸಿನಲ್ಲಿ ಐದೇ ಜನರಿದ್ದರೆ ತಲಾ 135 ಗ್ರಾಂ ಆಗಿ ಪೆಟ್ರೋಲ್ ಕಾರಿಗಿಂತ ಕೀಳಾಗುತ್ತದೆ. ಬಸ್ಸಿನ ಗುಣ ಅದರ ಎಂಜಿನ್ನಿಗಿಂತ ಹೆಚ್ಚಾಗಿ ಅದರಲ್ಲಿ ಕುಳಿತ ಜನರಲ್ಲಿದೆ. ಜನ ಹತ್ತುವಂತೆ ಅದು ಹೊತ್ತಿಗೆ ಸರಿಯಾಗಿ ಬರಬೇಕು.

ಮೇಲ್ಸೇತುವೆಯ ತರ್ಕ

ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ ದೂರ ಸಾಗದೆಯೇ ಇಂಧನ ಸುಡುತ್ತದೆ ಎಂಬ ಮಾತು ನಿಜ. ಮೇಲ್ಸೇತುವೆ ಆದ ಮರುದಿನ ಆ ಪೋಲು ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೆ ವರ್ಷಗಳು ಕಳೆದ ಮೇಲೆ? ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ, ದಟ್ಟಣೆಯ ಹೊತ್ತಿನಲ್ಲಿ ನಗರದ ವೇಗರಸ್ತೆಗಳು ಅವುಗಳ ಸಾಮರ್ಥ್ಯದಷ್ಟೂ ತುಂಬಿಕೊಳ್ಳುತ್ತವೆ ಎಂದು ವಾದಿಸಿದ್ದರು. ಗೈಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶಗಳನ್ನು ವಿಶ್ಲೇಷಿಸಿ, ಹೆದ್ದಾರಿಯ ಉದ್ದ ಹೆಚ್ಚಿದ ಅನುಪಾತದಲ್ಲೇ ವಾಹನಗಳ ಓಡಾಟವೂ ಹೆಚ್ಚುತ್ತದೆಂದು ತೋರಿಸಿದರು. ಕಾಲುವೆ ತೋಡಿದತ್ತ ನೀರು ಹರಿಯುವಂತೆ, ದಾರಿ ಸಲೀಸಾದತ್ತ ವಾಹನಗಳು ಹರಿಯುತ್ತವೆ. ನಿನ್ನೆಯವರೆಗೆ ಬಸ್ಸಿನಲ್ಲಿ ಹೋಗುತ್ತಿದ್ದವರು ಇಂದು ಕಾರು ತೆಗೆಯುತ್ತಾರೆ. ಊರಾಚೆಯ ಬಡಾವಣೆಯಲ್ಲಿ ಮನೆ ಮಾಡುತ್ತಾರೆ.

ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅದರಲ್ಲಿ ಸುಮಾರು ಮೂರನೆಯ ಎರಡು ಭಾಗ ದ್ವಿಚಕ್ರ ವಾಹನಗಳು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ಯೋಜನೆಯನ್ನು ನಾಗರಿಕರ ವಿರೋಧದ ನಂತರ 2017ರಲ್ಲಿ ಕೈಬಿಡಲಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಬಗ್ಗೆ 2025ರಲ್ಲಿ ಮತ್ತೆ ಅಂಥದೇ ಚರ್ಚೆ ನಡೆಯಿತು. ಇಂಥ ಪ್ರತಿ ಯೋಜನೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಎಷ್ಟು ವಾಹನಗಳು ಹಾದುಹೋಗುತ್ತವೆ ಎಂದಲ್ಲ, ಎಷ್ಟು ಜನ ಹಾದುಹೋಗುತ್ತಾರೆ ಎಂದು. ಒಂದು ಬಸ್ಸಿನ 40 ಜನರಿಗೆ, ಕಾರಿಗೆ ಒಂದೂವರೆ ಜನರಂತೆ, 27 ಕಾರುಗಳು ಬೇಕು.

ನಾಲ್ಕು ಗುಣಕಗಳು

ಇದನ್ನೆಲ್ಲ ಒಂದು ಸೂತ್ರದಲ್ಲಿ ಹಿಡಿದಿಡಬಹುದು. ಅಮೆರಿಕದ ಶಕ್ತಿತಜ್ಞ ಲೀ ಶಿಪ್ಪರ್ ಮತ್ತು ಸಂಗಡಿಗರು ಬಳಕೆಗೆ ತಂದ ಸೂತ್ರ ಇದು:

ಉತ್ಸರ್ಜನೆ = ಒಟ್ಟು ಪ್ರಯಾಣ × ಪ್ರತಿ ಸಾಧನದ ಪಾಲು × ಅದರ ಇಂಧನ ಬಳಕೆ × ಇಂಧನದ ಇಂಗಾಲಾಂಶ

ಬೇರೆ ಬೇರೆ ಸಾಧನಗಳಿಗೆ ಇದನ್ನು ಲೆಕ್ಕಹಾಕಿ ಕೂಡಿಸಬೇಕು. ನಾಲ್ಕೂ ಗುಣಕಗಳು ಗುಣಾಕಾರದಲ್ಲಿರುವುದರಿಂದ ಒಂದನ್ನು ಇಳಿಸಿ ಇನ್ನೊಂದನ್ನು ಏರಲು ಬಿಟ್ಟರೆ ಪ್ರಯೋಜನವಾಗದು. ವಾಹನಗಳು ಶೇ. 30ರಷ್ಟು ಶುದ್ಧವಾದವು, ಆದರೆ ಓಡಾಟ ಇಮ್ಮಡಿಯಾಯಿತು ಎನ್ನಿ. 0.7 × 2 = 1.4. ಉತ್ಸರ್ಜನೆ ಶೇ. 40ರಷ್ಟು ಹೆಚ್ಚಾಯಿತು. ಇಂಥದೇ ಮಾತನ್ನು ಬ್ರಿಟನ್ನಿನ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ಹೇಳಿದ್ದರು: ಎಂಜಿನ್ ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆ.

‘ಮಾಲಿನ್ಯರಹಿತ ನಗರ’ ಮಾದರಿ ಕೊನೆಯ ಎರಡು ಗುಣಕಗಳನ್ನಷ್ಟೇ ಮುಟ್ಟುತ್ತದೆ. ಅದರ ಮೇಲ್ಸೇತುವೆಗಳಂತೂ ಮೊದಲನೆಯ ಗುಣಕವನ್ನು ಏರಿಸುತ್ತವೆ, ಎರಡನೆಯದನ್ನು ಕಾರಿನ ಕಡೆಗೆ ವಾಲಿಸುತ್ತವೆ. ಕೊನೆಯ ಎರಡನ್ನು ಮಾರುಕಟ್ಟೆಯಲ್ಲಿ ಮಾರಬಹುದು, ಕೊಳ್ಳಬಹುದು. ಮೊದಲ ಎರಡಕ್ಕೆ ಊರಿನ ವಿನ್ಯಾಸ, ಬಸ್ಸಿನ ವೇಳಾಪಟ್ಟಿ, ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ಬೇಕು. ಇವುಗಳಿಗೆ ಜಾಹೀರಾತು ಕೊಡುವವರು ಯಾರೂ ಇಲ್ಲ.

ಮಾಡಿ ನೋಡಿದವರ ಅನುಭವ

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 2006ರ ಜನವರಿಯಿಂದ ಜುಲೈವರೆಗೆ ನಗರ ಮಧ್ಯಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕವನ್ನು ಪ್ರಾಯೋಗಿಕವಾಗಿ ಹಾಕಿತು. ಗಡಿ ದಾಟುವ ವಾಹನಗಳು ಸುಮಾರು ಐದನೆಯ ಒಂದು ಭಾಗ ಕಡಿಮೆಯಾದವು. ಜನಮತ ಕೇಳಿ 2007ರ ಆಗಸ್ಟ್‌ನಿಂದ ಅದನ್ನು ಕಾಯಂ ಮಾಡಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಶುಲ್ಕಕ್ಕೂ ಮೊದಲೇ, 2005ರ ಆಗಸ್ಟ್‌ನಲ್ಲಿ ಹೆಚ್ಚುವರಿ ಬಸ್ಸುಗಳು ಬೀದಿಗಿಳಿದಿದ್ದವು. ಮೊದಲು ದಾರಿ, ಆಮೇಲೆ ದಂಡ. ಬಸ್ಸಿಲ್ಲದ ಬಡಾವಣೆಯವರ ಮೇಲೆ ಶುಲ್ಕ ಹೇರಿದರೆ ಅದು ಬರಿಯ ವಸೂಲಿ ಆಗುತ್ತದೆ.

ನಮ್ಮ ರಾಜ್ಯದಲ್ಲೂ ಪ್ರಯೋಗಗಳು ನಡೆದಿವೆ. ಬೆಂಗಳೂರಿನಲ್ಲಿ 2010ರ ಫೆಬ್ರವರಿ 4ರಂದು ‘ಬಸ್ ದಿನ’ ಆರಂಭವಾಯಿತು. ಪ್ರತಿ ತಿಂಗಳ 4ರಂದು ಸ್ವಂತ ವಾಹನ ಬಿಟ್ಟು ಬಸ್ಸು ಹತ್ತಿರೆಂಬ ಕರೆ ಅದು. ಒಳ್ಳೆಯ ಕರೆ, ಆದರೆ ತಿಂಗಳಿಗೊಂದು ದಿನದ ಸದ್ಭಾವನೆಯಿಂದ ಎರಡನೆಯ ಗುಣಕ ಕದಲುವುದಿಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಪಥ ಮೀಸಲಿಟ್ಟದ್ದು ಹೆಚ್ಚು ಗಟ್ಟಿಯಾದ ಹೆಜ್ಜೆ; ಮೆಟ್ರೊ ಕಾಮಗಾರಿ ಬಂದಾಗ ಆ ಪಥ ಉಳಿಯಲಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿ.ಮೀ. ಮಾರ್ಗದಲ್ಲಿ 2018ರಲ್ಲಿ ಸಂಚಾರ ಆರಂಭಿಸಿದ ‘ಚಿಗರಿ’ ಬಸ್ಸುಗಳು, ಬಸ್ಸಿಗೆ ತನ್ನದೇ ದಾರಿ ಕೊಡಬಹುದೆಂದು ತೋರಿಸಿಕೊಟ್ಟವು. 2023ರ ಜೂನ್ 11ರಂದು ಬಂದ ‘ಶಕ್ತಿ’ ಯೋಜನೆಯಿಂದ ಬಸ್ಸಿನಲ್ಲಿ ಮಹಿಳೆಯರ ಸಂಖ್ಯೆ ಏರಿತು. ಸ್ಕೂಟರ್ ಬಿಟ್ಟು ಬಂದವರ ಮಟ್ಟಿಗೆ ಇದು ಉತ್ಸರ್ಜನೆಯ ಇಳಿಕೆ. ಮೊದಲು ಪ್ರಯಾಣವನ್ನೇ ಮಾಡಲಾಗದೆ ಉಳಿದಿದ್ದವರ ಮಟ್ಟಿಗೆ ಅದು ಬೇರೆಯೇ ಬಗೆಯ ಲಾಭ. ಅದನ್ನು ಇಂಗಾಲದ ತಕ್ಕಡಿಯಲ್ಲಿ ತೂಗಬಾರದು.

2011ರ ಅಕ್ಟೋಬರ್‌ನಲ್ಲಿ ಆರಂಭವಾದ ‘ನಮ್ಮ ಮೆಟ್ರೊ’ ಲಕ್ಷಾಂತರ ಜನರನ್ನು ರಸ್ತೆಯಿಂದ ಮೇಲೆತ್ತಿದೆ. ಆದರೂ 2025ರ ಫೆಬ್ರವರಿಯಲ್ಲಿ ದರ ಏರಿದಾಗ ಪ್ರಯಾಣಿಕರ ಸಂಖ್ಯೆ ಕೆಲಕಾಲ ಇಳಿಯಿತು. ಮನೆಯಿಂದ ನಿಲ್ದಾಣಕ್ಕೆ ಹೋಗುವ ದಾರಿ ಮತ್ತು ಟಿಕೆಟ್ಟಿನ ಬೆಲೆ, ಇವೆರಡೂ ಗಾಲಿ ಮತ್ತು ಮೋಟಾರಿನಷ್ಟೇ ಮುಖ್ಯವಾದ ತಾಂತ್ರಿಕ ಅಂಶಗಳು ಎಂಬುದನ್ನು ಅದು ನೆನಪಿಸಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬಸ್ಸು ಹೊತ್ತಿಗೆ ಬರುವುದಿಲ್ಲ, ಬಂದರೂ ಕಾಲಿಡಲು ಜಾಗವಿಲ್ಲ. ಶಾಲೆಯ ಗಂಟೆ ಬಾರಿಸುವ ಮೊದಲು ತಲುಪಬೇಕಾದ ಶಿಕ್ಷಕರು ಸ್ಕೂಟರ್ ಕೊಂಡರೆ ತಪ್ಪೇನು? ತಪ್ಪಿಲ್ಲ. ಅವರು ತಮ್ಮ ಮುಂದಿದ್ದ ಆಯ್ಕೆಗಳಲ್ಲಿ ಸರಿಯಾದುದನ್ನೇ ಆರಿಸಿಕೊಂಡಿದ್ದಾರೆ. ಬದಲಾಗಬೇಕಾದುದು ಆ ಆಯ್ಕೆಗಳ ಪಟ್ಟಿ. ಬೆಂಗಳೂರಿನ ಆರೇಳು ಸಾವಿರ ಬಸ್ಸುಗಳು ಕೋಟಿಗೂ ಮಿಕ್ಕಿದ ವಾಹನಗಳ ನಡುವೆ ಸಿಕ್ಕಿಕೊಂಡು ತೆವಳುತ್ತಿರುವಷ್ಟು ಕಾಲ, ಬಸ್ಸು ಹತ್ತಿರೆಂಬ ಉಪದೇಶ ಯಾರ ಕಿವಿಗೂ ಬೀಳುವುದಿಲ್ಲ.

ಮಾದರಿಯನ್ನು ತಿದ್ದುವ ಬಗೆ

ಮುಂದಿನ ಪ್ರದರ್ಶನಕ್ಕೆ ಶಿಕ್ಷಕರು ಏನು ಮಾಡಿಸಬಹುದು? ಥರ್ಮೊಕೋಲ್ ತರುವ ಮೊದಲು ಮಕ್ಕಳನ್ನು ಶಾಲೆಯ ಹತ್ತಿರದ ಸುರಕ್ಷಿತ ಜಾಗದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಒಂದು ತಂಡ ವಾಹನಗಳನ್ನು ಎಣಿಸಲಿ, ಇನ್ನೊಂದು ಅವುಗಳಲ್ಲಿರುವ ಜನರನ್ನು. ಕಾರಿನಲ್ಲಿ ಒಂದೂವರೆ, ಬಸ್ಸಿನಲ್ಲಿ 40 ಎಂದು ಈ ಲೇಖನದಲ್ಲಿ ಇಟ್ಟುಕೊಂಡ ಸಂಖ್ಯೆಗಳು ನಿಮ್ಮ ಊರಿನಲ್ಲಿ ನಿಜವೇ ಎಂದು ಆಗ ತಿಳಿಯುತ್ತದೆ. ನಿಜವಲ್ಲದಿದ್ದರೆ ತಿದ್ದಿಕೊಂಡು ಲೆಕ್ಕವನ್ನು ಮತ್ತೆ ಮಾಡಿ. ಆಮೇಲೆ ತರಗತಿಯ ಪ್ರತಿಯೊಬ್ಬರೂ ಶಾಲೆಗೆ ಎಷ್ಟು ದೂರದಿಂದ, ಯಾವುದರಲ್ಲಿ ಬರುತ್ತಾರೆಂದು ಪಟ್ಟಿ ಮಾಡಿ, ಇಡೀ ತರಗತಿಯ ದಿನದ ಉತ್ಸರ್ಜನೆಯನ್ನು ಕಂಡುಹಿಡಿಯಲಿ. ನಡೆದು ಬರುವ ಮಕ್ಕಳ ಹೆಸರಿನ ಮುಂದೆ ಸೊನ್ನೆ ಬರೆಯುವಾಗ, ಅವರು ದಾಟುವ ರಸ್ತೆಯಲ್ಲಿ ಪಾದಚಾರಿ ಮಾರ್ಗವಿದೆಯೇ ಎಂದೂ ಕೇಳಿ.

ಆ ಪಟ್ಟಿಯನ್ನು ಮೇಜಿನ ಮೇಲಿಟ್ಟರೆ ನೋಡಲು ಅಷ್ಟು ಅಂದವಾಗಿರದು. ಬಣ್ಣವಿಲ್ಲ, ಮಿನುಗುವ ಬಲ್ಬುಗಳಿಲ್ಲ. ಆದರೆ ತೀರ್ಪುಗಾರರು ಏನಾದರೂ ಪ್ರಶ್ನೆ ಕೇಳಿದಾಗ ವಿದ್ಯಾರ್ಥಿನಿ ಬಾಯಿಪಾಠ ಒಪ್ಪಿಸಬೇಕಾಗಿಲ್ಲ. ತಾನೇ ಎಣಿಸಿದ್ದನ್ನು ಹೇಳಿದರೆ ಸಾಕು. ಥರ್ಮೊಕೋಲ್ ನಗರವನ್ನೂ ಕಟ್ಟಲೇಬೇಕೆಂದಿದ್ದರೆ ಕಟ್ಟಲಿ. ಅದರಲ್ಲಿ ಒಂದು ಬಸ್ಸು, ಅದಕ್ಕೊಂದು ಮೀಸಲು ಪಥ, ಪಕ್ಕದಲ್ಲಿ ನಡೆಯಲು ಅಗಲವಾದ ಜಾಗ ಇರುವುದನ್ನು ಮಾತ್ರ ಮರೆಯದಿರಲಿ.